ಕಾಡು ಕಡಿದರೆ ಹೊಳೆಗೆ ನೀರು ಹೆಚ್ಚುವುದಿಲ್ಲವೇ?

ಮಾನ್ಯ ಓದುಗರೇ,

ಕಾಡಿನ ನಾಶ ಕುರಿತ ನಮ್ಮ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ‘ಮರಗಳು ನೆಲದ ನೀರನ್ನು ಹೀರುತ್ತವೆ ಎಂದು ವಿಜ್ಞಾನಿಗಳೇ ಹೇಳುತ್ತಾರೆ. ಹಾಗಿದ್ದಮೇಲೆ ಕಾಡು ಕಡಿದರೆ ಹೊಳೆಗೆ ನೀರು ಹೆಚ್ಚಬೇಕಲ್ಲವೇ? ನೀವೇಕೆ ಹುಯಿಲೆಬ್ಬಿಸುತ್ತೀರಿ?’ ಎಂದು ಕೇಳಿದ್ದೀರಿ. ಈಗಾಗಲೇ ಕಾಡು ಕಡಿದು ಉಳುತ್ತಿರುವ ಇಳಿಜಾರನ್ನು ಏನು ಮಾಡಬೇಕೆಂದೂ ವಿಚಾರಿಸಿದ್ದೀರಿ.

ನೀರು ಹೆಚ್ಚುತ್ತದೆ ಎಂಬುದು ನಿಜ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಬಾರ್ಡ್ ಬ್ರೂಕ್ ಕಾಡಿನಲ್ಲಿ 1965ರ ಚಳಿಗಾಲದಲ್ಲಿ ಸಂಶೋಧಕರು ಒಂದು ಹಳ್ಳದ ಜಲಾನಯನ ಪ್ರದೇಶದಲ್ಲಿದ್ದ ಮರಗಳನ್ನೆಲ್ಲ ಕಡಿದರು. ಉರುಳಿದ ಮರಗಳನ್ನು ಅಲ್ಲೇ ಬಿಟ್ಟು, ಮತ್ತೆ ಏನೂ ಚಿಗುರದಂತೆ ಸಸ್ಯನಾಶಕ ಸಿಂಪಡಿಸಿದರು. ಮೊದಲ ವರ್ಷವೇ ಹಳ್ಳದ ಹರಿವು ಸುಮಾರು ಶೇ. 40ರಷ್ಟು ಏರಿತು. ನಿಮ್ಮ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಆದರೆ ಅದೇ ನೀರಿನಲ್ಲಿ ನೈಟ್ರೇಟ್ ಹತ್ತಾರು ಪಟ್ಟು ಹೆಚ್ಚಿತ್ತು. ಕ್ಯಾಲ್ಸಿಯಂ, ಪೊಟ್ಯಾಸಿಯಂಗಳೂ ಏರಿದ್ದವು. ಹೀರಿಕೊಳ್ಳುವ ಬೇರುಗಳಿಲ್ಲದೆ ಮಣ್ಣಿನ ಸಾರವೇ ಕರಗಿ ಹಳ್ಳ ಸೇರುತ್ತಿತ್ತು. ಅಲ್ಲಿ ಯಾರೂ ನೆಲ ಉತ್ತಿರಲಿಲ್ಲ, ದಾರಿ ಕಡಿದಿರಲಿಲ್ಲ ಎಂಬುದನ್ನು ಮರೆಯಬೇಡಿ.

ನೆಲವನ್ನು ಉತ್ತರೆ ಕಥೆಯೇ ಬೇರೆ. ದಪ್ಪ ಮಳೆಹನಿ ಸೆಕೆಂಡಿಗೆ ಎಂಟು–ಒಂಬತ್ತು ಮೀಟರ್ ವೇಗದಲ್ಲಿ ಬಂದು ಬರಿ ಮಣ್ಣಿಗೆ ಬಡಿಯುತ್ತದೆ. ಹೆಂಟೆ ಒಡೆಯುತ್ತದೆ, ಸಣ್ಣ ಕಣಗಳು ಚಿಮ್ಮಿ ಹತ್ತಿರದ ರಂಧ್ರಗಳನ್ನು ಮುಚ್ಚುತ್ತವೆ. ಮಳೆ ನಿಂತು ಬಿಸಿಲು ಬಿದ್ದರೆ ಮೇಲ್ಮೈಯಲ್ಲಿ ಕೆಲವೇ ಮಿಲಿಮೀಟರ್ ದಪ್ಪದ ಗಟ್ಟಿ ಪದರವೊಂದು ಉಳಿಯುತ್ತದೆ. ಬೆರಳಿನಿಂದ ಮೀಟಿದರೆ ಚಕ್ಕೆಯಾಗಿ ಏಳುವ ಆ ಪದರ ಮುಂದಿನ ಮಳೆಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಟ್ರ್ಯಾಕ್ಟರಿನ ಚಕ್ರ, ದನಗಳ ಗೊರಸು ನೆಲವನ್ನು ಇನ್ನಷ್ಟು ಬಿಗಿಯಾಗಿಸುತ್ತವೆ. ಕಾಂಕ್ರೀಟು ಬಿದ್ದರಂತೂ ಇಂಗುವ ಮಾತೇ ಇಲ್ಲ. ತರಗೆಲೆ ಹೊದ್ದ ನೆಲದಲ್ಲಾದರೆ ಹನಿಯ ಪೆಟ್ಟನ್ನು ಎಲೆಗಳು ತಾಳಿಕೊಳ್ಳುತ್ತವೆ. ಎರೆಹುಳುಗಳು ಕೊರೆದ ದಾರಿಯಲ್ಲಿ, ಸತ್ತ ಬೇರುಗಳು ಬಿಟ್ಟುಹೋದ ಪೊಳ್ಳಿನಲ್ಲಿ ನೀರು ಕೆಳಗಿಳಿಯುತ್ತದೆ.

ಆದ್ದರಿಂದ ವರ್ಷದ ಒಟ್ಟು ನೀರಿನ ಲೆಕ್ಕವೊಂದನ್ನೇ ನೋಡಬೇಡಿ ಎನ್ನುತ್ತೇನೆ. ಮರ ಹೋದದ್ದರಿಂದ ಉಳಿದ ನೀರಿಗಿಂತ ನೆಲಕ್ಕೆ ಇಂಗದೆ ಹರಿದುಹೋದ ನೀರು ಹೆಚ್ಚಾದಾಗ ಮಳೆಗಾಲದಲ್ಲಿ ಪ್ರವಾಹ, ಬೇಸಿಗೆಯಲ್ಲಿ ಒಣ ಹೊಳೆ. ಪ್ರವಾಹದ ನೀರು ಬರಿಗೈಯಲ್ಲೂ ಹೋಗುವುದಿಲ್ಲ. ಒಂದು ಸೆಂಟಿಮೀಟರ್ ಕಟ್ಟಲು ನೂರಾರು ವರ್ಷ ಹಿಡಿಯುವ ಮೇಲ್ಮಣ್ಣನ್ನು ಹೊತ್ತೊಯ್ದು ಕೆಳಗಿನ ಜಲಾಶಯಗಳಲ್ಲಿ ಹೂಳಾಗಿ ತುಂಬುತ್ತದೆ.

ಹೆಚ್ಚಿದ ನೀರು ನೆಲಕ್ಕೆ ಇಂಗಿಯೂ ಕೇಡು ತಂದದ್ದುಂಟು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆಳಕ್ಕೆ ಬೇರಿಳಿಸಿದ್ದ ಕಾಡನ್ನು ತೆಗೆದು ಗೋಧಿ ಬಿತ್ತಿದರು. ಗೋಧಿಯ ಬೇರು ಗಿಡ್ಡ, ಹೊಲದಲ್ಲಿರುವುದೂ ಕೆಲವೇ ತಿಂಗಳು. ಹೀರುವವರಿಲ್ಲದೆ ಅಂತರ್ಜಲ ಮೇಲೇರಿತು. ಸಾವಿರಾರು ವರ್ಷಗಳಿಂದ ಆಳದಲ್ಲಿ ಕೂಡಿಕೊಂಡಿದ್ದ ಉಪ್ಪನ್ನೂ ಮೇಲೆ ತಂದಿತು. ಹೊಲಗಳು ಚೌಳಾದವು, ತೊರೆಗಳು ಉಪ್ಪಾದವು. ರೈಲ್ವೆ ಎಂಜಿನಿಯರ್ ಡಬ್ಲ್ಯು. ಇ. ವುಡ್ 1924ರಲ್ಲೇ ಇದನ್ನು ಬರೆದು ಪ್ರಕಟಿಸಿದ್ದರು. ಆಮೇಲೂ ದಶಕಗಟ್ಟಲೆ ಕಾಡು ಕಡಿಯುತ್ತಲೇ ಹೋದರು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಹಾಗೆಂದು ಎಲ್ಲೆಂದರಲ್ಲಿ ಮರ ನೆಡಿ ಎನ್ನುವವರ ಪಕ್ಷವೂ ನಮ್ಮದಲ್ಲ. ನಿಮ್ಮ ಪ್ರಶ್ನೆಯನ್ನು ಅವರಿಗೂ ಕೇಳಬೇಕು. ದಕ್ಷಿಣ ಆಫ್ರಿಕಾದ ಕುರುಚಲು ಗುಡ್ಡಗಳಲ್ಲಿ ಪೈನ್ ಬೆಳೆಸಿದಾಗ ತೊರೆಗಳು ಸೊರಗಿದವು. 1995ರಲ್ಲಿ ಅಲ್ಲಿನ ಸರ್ಕಾರವೇ ನೀರು ಹೀರುವ ಹೊರಗಿನ ಮರಗಳನ್ನು ತೆಗೆಸುವ ಕಾರ್ಯಕ್ರಮ ಆರಂಭಿಸಿತು.

ಇನ್ನು ನಿಮ್ಮ ಇಳಿಜಾರಿನ ವಿಷಯ. ಬೆಳೆ ಕೊಯ್ದ ಮೇಲೆ ನೆಲವನ್ನು ಬೋಳಾಗಿ ಬಿಡಬೇಡಿ. ಉಳುಮೆ ಇಳಿಜಾರಿಗೆ ಅಡ್ಡಲಾಗಿರಲಿ. ಹಳ್ಳದ ಎರಡೂ ದಡಗಳಲ್ಲಿ ಹುಲ್ಲು, ಪೊದೆ, ಮರಗಳ ಪಟ್ಟಿಯೊಂದನ್ನು ಉಳದೆ ಬಿಟ್ಟರೆ ಕೊಚ್ಚಿಬಂದ ಮಣ್ಣಿನಲ್ಲಿ ಬಹುಪಾಲು ಅಲ್ಲೇ ತಂಗುತ್ತದೆ. ಇಷ್ಟನ್ನೂ ಒಮ್ಮೆಗೇ ಮಾಡಲಾಗದಿದ್ದರೆ ಮೊದಲನೆಯದರಿಂದಲೇ ತೊಡಗಿ: ಈ ಸಲದ ಕೂಳೆಯನ್ನು ಸುಡದೆ ಹೊಲದಲ್ಲೇ ಬಿಡಿ.

— ಸಂಪಾದಕ