ಸೈನ್ಯದಿಂದ ಬಂದ ಮೇಲೆ ಫೋಟೋಗ್ರಾಫರ್ ಆಗಿ ದೊಡ್ಡ ಹೆಸರು ಮಾಡಿದೋರು ಯಾರಾದ್ರೂ ಇದಾರಾ?

ಇದಾರೆ, ನಂಗೆ ಮೊದ್ಲು ನೆನಪಾಗೋದು ಅಮೆರಿಕದ ವೇಯ್ನ್ ಮಿಲ್ಲರ್. 1918ರಲ್ಲಿ ಶಿಕಾಗೋದಲ್ಲಿ ಹುಟ್ಟಿದೋರು, ಎರಡನೇ ಮಹಾಯುದ್ಧದಲ್ಲಿ ನೇವಿ ಸೇರಿ ಹೆಸರಾಂತ ಫೋಟೋಗ್ರಾಫರ್ ಎಡ್ವರ್ಡ್ ಸ್ಟೈಕನ್ ಕಟ್ಟಿದ್ದ ಫೋಟೋ ಟೀಮಲ್ಲಿ ಕೆಲಸ ಮಾಡಿದ್ರು, 1945ರಲ್ಲಿ ಬಾಂಬ್ ಬಿದ್ದ ಮೇಲೆ ಹಿರೋಶಿಮಾಗೂ ಹೋಗಿ ಅಲ್ಲಿ ಬದುಕುಳಿದೋರ ಫೋಟೋ ತೆಗೆದ್ರು.

ಆದ್ರೆ ನನ್ ಪ್ರಕಾರ ಅವರ ನಿಜವಾದ ಕೆಲಸ ಶುರುವಾಗಿದ್ದು ಯೂನಿಫಾರ್ಮ್ ಬಿಚ್ಚಿಟ್ಟ ಮೇಲೆ. ಕಲಾವಿದರಿಗೆ, ಸಂಶೋಧಕರಿಗೆ ಕೊಡೋ ಗುಗ್ಗೆನ್‌ಹೈಮ್ ಫೆಲೋಶಿಪ್ ಅನ್ನೋ ಧನಸಹಾಯ ಸಿಕ್ತು, 1946ರಿಂದ 1948ರವರೆಗೆ ಶಿಕಾಗೋದ ಸೌತ್ ಸೈಡಲ್ಲಿ ಓಡಾಡಿ, ದಕ್ಷಿಣದ ರಾಜ್ಯಗಳಿಂದ ಕೆಲಸ ಹುಡುಕ್ಕೊಂಡು ಬಂದು ನೆಲೆಸಿದ್ದ ಕಪ್ಪು ಜನರ ದುಡಿಮೆ, ಮನೆ, ಪ್ರೀತಿ, ಬೇಸರ ಎಲ್ಲಾನೂ ಹಿಡಿದ್ರು, ಆ ಕಾಲದಲ್ಲಿ ಒಬ್ಬ ಬಿಳಿಯನನ್ನ ಜನ ಅಷ್ಟು ಹತ್ರ ಬಿಟ್ಕೊಂಡ್ರು ಅಂದ್ರೆ ಅವರು ಗಳಿಸಿದ ನಂಬಿಕೆ ಸಣ್ಣದಲ್ಲ! ಒಂದ್ಸಲ ಆ ಫೋಟೋಗಳನ್ನ ನಿಧಾನಕ್ಕೆ ನೋಡಿ, ಯಾರನ್ನೂ ಅಯ್ಯೋ ಪಾಪ ಅನ್ನೋ ಥರ ತೋರಿಸಿಲ್ಲ.

ಆಮೇಲೆ 1955ರಲ್ಲಿ ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ನಡೆದ 'ದಿ ಫ್ಯಾಮಿಲಿ ಆಫ್ ಮ್ಯಾನ್' ಪ್ರದರ್ಶನಕ್ಕೆ ಸ್ಟೈಕನ್ ಜೊತೆ ಫೋಟೋ ಆರಿಸಿದ್ದೂ ಇವರೇ, ಅದ್ರಲ್ಲಿ ಇವರ ಸ್ವಂತ ಮಗ ಹುಟ್ಟಿದ ಕ್ಷಣದ ಫೋಟೋನೂ ಇತ್ತು. 1958ರಲ್ಲಿ ಫೋಟೋಗ್ರಾಫರ್‌ಗಳೇ ಸೇರಿ ನಡೆಸೋ ಮ್ಯಾಗ್ನಮ್ ಅನ್ನೋ ಫೋಟೋ ಸಂಸ್ಥೆ ಸೇರಿದ್ರು, 1962ರಿಂದ 1966ರವರೆಗೆ ಅದರ ಅಧ್ಯಕ್ಷರೂ ಆಗಿದ್ರು.