ಥೊರಾಂಗ್ ಲಾ ದಾಟಲು ಮಾತ್ರೆಗಿಂತ ಮೊದಲು ದಿನ ಬೇಕು

ದಸರಾ ರಜೆ ಹತ್ತಿರ ಬಂದರೆ ನೇಪಾಳದ ಅನ್ನಪೂರ್ಣ ಸರ್ಕ್ಯೂಟ್ ಚಾರಣಕ್ಕೆ ಹೊರಟವರ ಪತ್ರಗಳು ಶುರುವಾಗುತ್ತವೆ. ವೈದ್ಯೆಯಾಗಿ ವರ್ಷ ವರ್ಷವೂ ಅದೇ ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದೇನೆ. ಅದೇ ತಪ್ಪುಗಳೂ ನಡೆಯುತ್ತಲೇ ಇವೆ. ಶೂ, ಜಾಕೆಟ್, ಬ್ಯಾಗಿನ ವಿಷಯ ಇಲ್ಲಿ ಬರೆಯುವುದಿಲ್ಲ. ಅದನ್ನು ಅಂಗಡಿಯವರೇ ಹೇಳುತ್ತಾರೆ.

ಒಬ್ಬರು ಬರೆದಿದ್ದಾರೆ: ನನಗೆ 34 ವರ್ಷ. ವಾರಕ್ಕೆ ನಾಲ್ಕು ದಿನ 10 ಕಿಲೋಮೀಟರ್ ಓಡುತ್ತೇನೆ. ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿದಿದ್ದೇನೆ. ರಜೆ ಸಿಕ್ಕಿರುವುದು 9 ದಿನ. ಬೇಸಿಸಹರ್‌ನಿಂದ ಜೀಪಿನಲ್ಲಿ ನೇರ ಮನಾಂಗ್‌ಗೆ ಹೋಗಿ, ಮರುದಿನವೇ ನಡೆಯಲು ಶುರು ಮಾಡಿದರೆ ಆಗುತ್ತಲ್ವಾ? ಎತ್ತರದ ಕಾಯಿಲೆ ತಡೆಯುವ ಡಯಾಮಾಕ್ಸ್ ಮಾತ್ರೆ ಇಟ್ಟುಕೊಂಡಿದ್ದೇನೆ.

ಆಗಲ್ಲ. ಈ ವರ್ಷ ಇದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಎಷ್ಟೋ ಸಲ ಬಂದಿದೆ. ಅದಕ್ಕೇ ಜಾಗದ ಬಹುಪಾಲು ಇದಕ್ಕೇ ಕೊಡುತ್ತಿದ್ದೇನೆ.

ಬೇಸಿಸಹರ್ ಇರುವುದು ಸುಮಾರು 760 ಮೀಟರ್ ಎತ್ತರದಲ್ಲಿ. ಮನಾಂಗ್ ಸುಮಾರು 3,540. ಮೊದಲೆಲ್ಲ ಈ ದೂರವನ್ನು ಜನ ಒಂದು ವಾರ ನಡೆಯುತ್ತಿದ್ದರು. ಆ ವಾರದಲ್ಲಿ ಮೈ ತಾನಾಗಿಯೇ ಎತ್ತರಕ್ಕೆ ಒಗ್ಗುತ್ತಿತ್ತು. ಈಗ ರಸ್ತೆ ಆಗಿದೆ, ಆ ವಾರ ಹೋಯಿತು. ಮುಂದೆ ದಾಟಬೇಕಾದ ಥೊರಾಂಗ್ ಲಾ ಪಾಸ್ (ಬೆಟ್ಟಗಳ ನಡುವಿನ ಕಣಿವೆ ದಾರಿ) ಮಾತ್ರ 5,416 ಮೀಟರಿನಲ್ಲಿ ಹಾಗೇ ಇದೆ.

ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟೇ. ಆದರೆ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಾಗುತ್ತದೆ. ಒಂದೊಂದು ಉಸಿರಿಗೂ ಸಿಗುವುದು ಅರ್ಧ. ಅದನ್ನು ಸರಿದೂಗಿಸಲು ಮೈ ಜೋರಾಗಿ ಉಸಿರಾಡಬೇಕು. ಜೋರಾಗಿ ಉಸಿರಾಡಿದರೆ ರಕ್ತದ ಕ್ಷಾರ ಹೆಚ್ಚಾಗುತ್ತದೆ. ಅದನ್ನು ಮೂತ್ರಪಿಂಡ ಹೊರಹಾಕಿದ ಮೇಲೇ ಉಸಿರಾಟ ಪೂರ್ತಿ ಹೊಂದಿಕೊಳ್ಳುತ್ತದೆ. ಈ ಕೆಲಸಕ್ಕೆ ದಿನಗಳು ಹಿಡಿಯುತ್ತವೆ. ನೀವು ಓಡುವುದರಿಂದ ಅದು ಬೇಗ ಆಗುವುದಿಲ್ಲ. ನಾನು ಕಂಡಂತೆ ಓಟಗಾರರಿಗೇ ಅಪಾಯ ಜಾಸ್ತಿ. ಬೇಗ ಮೇಲೆ ಹೋಗಿಬಿಡುತ್ತಾರೆ. ತಲೆನೋವು ಬಂದರೆ ಹೇಳಲು ಸಂಕೋಚ.

ಕುಮಾರ ಪರ್ವತ 1,712 ಮೀಟರ್. ಮುಳ್ಳಯ್ಯನಗಿರಿಯೂ 2,000 ಮುಟ್ಟುವುದಿಲ್ಲ. ಎತ್ತರಕ್ಕೆ ಒಗ್ಗುವ ಪಾಠ ಕರ್ನಾಟಕದ ಯಾವ ಬೆಟ್ಟದಲ್ಲೂ ಸಿಗುವುದಿಲ್ಲ. ಹಾಗಂತ ಆ ಅಭ್ಯಾಸ ದಂಡವಲ್ಲ. ಪಾಸ್ ದಾಟಿದ ದಿನವೇ ಮುಕ್ತಿನಾಥಕ್ಕೆ ಸುಮಾರು 1,600 ಮೀಟರ್ ಇಳಿಯಬೇಕು. ಆಗ ಮಂಡಿ, ತೊಡೆ ಕೈಕೊಡುತ್ತವೆ. ಕುಮಾರ ಪರ್ವತದಲ್ಲಿ ಹತ್ತಿದ್ದನ್ನಲ್ಲ, ಇಳಿದಿದ್ದನ್ನು ಅಭ್ಯಾಸ ಅಂತ ಲೆಕ್ಕ ಹಾಕಿ. ಬೆನ್ನಿಗೆ 8 ಕಿಲೋ ಹಾಕಿಕೊಂಡು ಇಳಿಯಿರಿ.

ಒಂದು ಸಂಜೆಯ ಮಾತು ಹೇಳುತ್ತೇನೆ. ಪಾಸ್‌ನ ಬುಡದಲ್ಲಿರುವ ಥೊರಾಂಗ್ ಫೇದಿಯ ಒಂದು ಲಾಡ್ಜ್‌ನಲ್ಲಿ ಊಟಕ್ಕೆ ಕೂತಿದ್ದೆ. ಎದುರಿಗೆ ನಿಮ್ಮದೇ ವಯಸ್ಸಿನ ಹುಡುಗ. ಅವನೂ ಮನಾಂಗ್‌ವರೆಗೆ ಜೀಪಿನಲ್ಲಿ ಬಂದವನು. 'ಸ್ವಲ್ಪ ತಲೆನೋವು, ಅಷ್ಟೇ' ಅಂದ. ಮುಂದಿದ್ದ ದಾಲ್‌ಭಾತ್ ಮುಟ್ಟಿರಲಿಲ್ಲ. ಶೂ ಲೇಸ್ ಕಟ್ಟಲು ಬಗ್ಗಿದ. ಒಂದು ಸುತ್ತು ಹಾಕಿ ಬಿಟ್ಟ. ಮತ್ತೆ ಹಾಕಿದ, ಮತ್ತೆ ಬಿಚ್ಚಿತು. ಮೂರನೇ ಸಲ ಎರಡೂ ತುದಿಗಳನ್ನು ಬೆರಳಲ್ಲಿ ಹಿಡಿದು ಸುಮ್ನೆ ನೋಡುತ್ತಾ ಕೂತ. ನನಗೆ ಎದೆ ಧಸಕ್ಕೆಂದಿತು. ನೆಲದ ಹಲಗೆಗಳ ಸಂದಿನ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲು ಹೇಳಿದೆ. ನಾಲ್ಕನೇ ಹೆಜ್ಜೆಗೆ ವಾಲಿ ಬೆಂಚು ಹಿಡಿದುಕೊಂಡ.

ಅದು ಮಿದುಳು ಊದಿಕೊಳ್ಳುತ್ತಿರುವ ಲಕ್ಷಣ. ಡೆಕ್ಸಾಮೆಥಸೋನ್ ಕೊಟ್ಟು, ಹೆಡ್‌ಲ್ಯಾಂಪ್ ಹಾಕಿಕೊಂಡು ಆ ರಾತ್ರಿಯೇ ಕೆಳಗೆ ಕರೆದುಕೊಂಡು ಹೊರಟೆವು. ಅವನು ಬದುಕಿದ. 'ನಾನು ಸರಿಯಾಗಿಯೇ ಇದ್ದೇನೆ' ಅಂತ ದಾರಿಯುದ್ದಕ್ಕೂ ನಮ್ಮ ಜೊತೆ ಜಗಳವಾಡಿದ. ಈ ಕಾಯಿಲೆ ಮೊದಲು ತೆಗೆಯುವುದು ವಿವೇಚನೆಯನ್ನೇ. ಆದ್ದರಿಂದ ನಿಮ್ಮ ಸ್ಥಿತಿಯನ್ನು ನೀವೇ ಅಳೆಯಬೇಡಿ. ಜೊತೆಯವರು ದಿನಾ ಸಂಜೆ ಒಬ್ಬರನ್ನೊಬ್ಬರು ಹೀಗೆ ನಡೆಸಿ ನೋಡಿ. ಕೂತಲ್ಲೇ ಏದುಸಿರು, ಕೆಮ್ಮು ಬಂದರೆ ಅದು ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಗುರುತು. ಅದಕ್ಕೂ ಇಳಿಯಲೇಬೇಕು, ಬೆಳಗಾಗಲಿ ಅಂತ ಕಾಯಬಾರದು.

ಡಯಾಮಾಕ್ಸ್ ಒಳ್ಳೆಯ ಮಾತ್ರೆ. ಹತ್ತುವ ಹಿಂದಿನ ದಿನದಿಂದ 125 ಮಿಲಿಗ್ರಾಂ, ದಿನಕ್ಕೆರಡು ಸಲ. ಬೆರಳು ಜುಮ್ಮೆನ್ನುತ್ತದೆ, ಮೂತ್ರ ಹೆಚ್ಚು ಹೋಗುತ್ತದೆ, ಹೆದರಬೇಡಿ. ಸಲ್ಫಾ ಔಷಧಿ ಆಗದವರು, ಬೇರೆ ಕಾಯಿಲೆಗೆ ಮಾತ್ರೆ ತಿನ್ನುತ್ತಿರುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಈ ಮಾತ್ರೆ ಮೈ ಒಗ್ಗಲು ನೆರವಾಗುತ್ತದೆ. ನೀವು ಕೊಡದ ದಿನಗಳನ್ನು ಅದು ತಂದುಕೊಡುವುದಿಲ್ಲ.

ದಿನಗಳ ಲೆಕ್ಕ ಹೀಗೆ. 3,000 ಮೀಟರ್ ದಾಟಿದ ಮೇಲೆ ಇಂದು ಮಲಗುವ ಜಾಗ ನಿನ್ನೆಗಿಂತ 500 ಮೀಟರಿಗಿಂತ ಹೆಚ್ಚು ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಜಾಗದಲ್ಲಿ ಇನ್ನೊಂದು ರಾತ್ರಿ. ಜೀಪನ್ನು ಮನಾಂಗ್‌ಗೆ ಮೊದಲೇ ಸಿಗುವ ಚಾಮೆಯಲ್ಲೇ ಬಿಡಿ. ಅಲ್ಲೊಂದು ರಾತ್ರಿ, ಪಿಸಾಂಗ್‌ನಲ್ಲಿ ಒಂದು, ಮನಾಂಗ್‌ನಲ್ಲಿ ಎರಡು. ಮನಾಂಗ್‌ನ ಬಿಡುವಿನ ದಿನ ಮಲಗಿರಬೇಡಿ. ಗಂಗಾಪೂರ್ಣ ಸರೋವರದ ಮೇಲಿನ ದಿಬ್ಬ ಹತ್ತಿ, ಕೆಳಗೆ ಬಂದು ಮಲಗಿ. ಅಲ್ಲಿನ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಕೇಂದ್ರದಲ್ಲಿ ಸೀಸನ್‌ನಲ್ಲಿ ವೈದ್ಯರು ಎತ್ತರದ ಕಾಯಿಲೆ ಬಗ್ಗೆ ಮಾತಾಡುತ್ತಾರೆ, ತಪ್ಪಿಸಬೇಡಿ. ಆಮೇಲೆ ಯಾಕ್ ಖರ್ಕಾ, ಫೇದಿ, ಪಾಸ್. ಸುಮಾರು 4,880 ಮೀಟರಿನ ಹೈ ಕ್ಯಾಂಪ್‌ನಲ್ಲಿ ನಾನು ಮಲಗುವುದಿಲ್ಲ, ಯಾರನ್ನೂ ಮಲಗಿ ಅನ್ನುವುದಿಲ್ಲ.

ಹೋಗಿ ಬರುವ ಪ್ರಯಾಣ ಸೇರಿಸಿದರೆ 12 ದಿನ. ಅದರ ಮೇಲೆ ಹವಾಮಾನಕ್ಕೆ ಅಂತ ಎರಡು ದಿನ ಬೇಕೇ ಬೇಕು. 2014ರ ಅಕ್ಟೋಬರ್ 12ಕ್ಕೆ ವಿಶಾಖಪಟ್ಟಣಕ್ಕೆ ಬಡಿದ ಹುದ್‌ಹುದ್ ಚಂಡಮಾರುತ ಎರಡೇ ದಿನಕ್ಕೆ ಈ ಪಾಸ್ ಮೇಲೆ ಹಿಮ ಸುರಿಯಿತು. ಆ ಭಾಗದಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಅದೂ ಎಲ್ಲರೂ ಒಳ್ಳೆಯ ಕಾಲ ಅನ್ನುವ ಅಕ್ಟೋಬರ್‌ನಲ್ಲಿ. ಲಾಡ್ಜ್‌ನವರು ನಿಲ್ಲಿ ಅಂದರೆ ನಿಲ್ಲಲು ನಿಮ್ಮ ಕೈಯಲ್ಲಿ ದಿನ ಇರಬೇಕು.

ನಿಮಗಿರುವುದು 9 ದಿನ. ಪಿಸಾಂಗ್, ಮನಾಂಗ್ ನೋಡಿ ವಾಪಸ್ ಬನ್ನಿ. ಪಾಸ್‌ಗೆ ಇನ್ನೊಂದು ವರ್ಷ ಹೋಗಿ.

ಕರ್ಪೂರ ಮೂಸಿದರೆ ಆಮ್ಲಜನಕ ಹೆಚ್ಚುತ್ತದೆಯೇ? ಬೆಳ್ಳುಳ್ಳಿ ಸೂಪ್?

ಕರ್ಪೂರದಿಂದ ಮೂಗು ತಣ್ಣಗಾಗುತ್ತದೆ, ರಕ್ತಕ್ಕೆ ಏನೂ ಆಗುವುದಿಲ್ಲ. ಅದನ್ನು ಪೊಟ್ಟಣ ಕಟ್ಟಿ 'ಹಿಮಾಲಯದ ಔಷಧಿ' ಅಂತ ಯಾತ್ರಿಕರಿಗೆ ಮಾರುವವರು ಜೀವದ ಜೊತೆ ಆಟವಾಡುತ್ತಿದ್ದಾರೆ. ಅದನ್ನು ನಂಬಿ ಜನ ಕೆಳಗಿಳಿಯಲು ತಡಮಾಡುತ್ತಾರೆ. ಕರ್ಪೂರ ನುಂಗಿದರೆ ಫಿಟ್ಸ್ ಬರುತ್ತದೆ, ಮಕ್ಕಳ ಕೈಗೆ ಕೊಡಲೇಬೇಡಿ. ಸೂಪ್ ಬಿಸಿಯಾಗಿರುತ್ತದೆ, ಕುಡಿಯಿರಿ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಒಯ್ಯಲೇ?

ತಣ್ಣನೆಯ ಬೆರಳಲ್ಲಿ ಅದು ತಪ್ಪು ತೋರಿಸುತ್ತದೆ. ಅಂಕಿ ಚೆನ್ನಾಗಿದೆ ಅಂತ ತಲೆನೋವಿಟ್ಟುಕೊಂಡು ಹತ್ತಬೇಡಿ.

ದಿನಕ್ಕೆ 6 ಲೀಟರ್ ನೀರು ಕುಡಿದರೆ ತಲೆನೋವು ಬರುವುದಿಲ್ಲವಂತೆ?

ಸುಳ್ಳು. ಅಷ್ಟು ಕುಡಿದರೆ ರಕ್ತದ ಉಪ್ಪಿನಂಶ ಇಳಿದು ಬೇರೆಯೇ ತೊಂದರೆ. ಬಾಯಾರಿದಷ್ಟು ಕುಡಿಯಿರಿ.

ಅಮ್ಮನಿಗೆ 64. ನಡೆಯಲು ಆಗಲ್ಲ, ಆದರೆ ಮುಕ್ತಿನಾಥ ನೋಡುವಾಸೆ. ವಿಮಾನದಲ್ಲಿ ಹೋಗಬಹುದೇ?

ಖಂಡಿತ ಹೋಗಬಹುದು. 108 ದಿವ್ಯದೇಶಗಳಲ್ಲಿ ಒಂದಾದ ಕ್ಷೇತ್ರ, ಅವರ ಆಸೆ ನನಗೆ ಅರ್ಥವಾಗುತ್ತದೆ. ಹೊರಡುವ ಮೊದಲು ಅವರ ಬಿಪಿ, ಹೃದಯ ತೋರಿಸಿ. ಪೋಖರಾದಿಂದ ವಿಮಾನ ಇಳಿಯುವ ಜೋಮ್ಸೋಮ್ ಸುಮಾರು 2,740 ಮೀಟರ್, ದೇವಸ್ಥಾನ ಸುಮಾರು 3,750. ಇಳಿದ ದಿನವೇ ಜೀಪ್ ಹತ್ತಿಸಬೇಡಿ. ಜೋಮ್ಸೋಮ್‌ನಲ್ಲಿ ಎರಡು ರಾತ್ರಿ ಉಳಿದು, ಬೆಳಿಗ್ಗೆ ಮೇಲೆ ಹೋಗಿ ದರ್ಶನ ಮಾಡಿಸಿ, ಸಂಜೆಗೆ ಕೆಳಗೆ ಕರೆತಂದು ಮಲಗಿಸಿ. ಮೆಟ್ಟಿಲು ಹತ್ತುವಾಗ ಮಾತಾಡಲು ಆಗದಷ್ಟು ಉಸಿರು ಬಂದರೆ ಅಲ್ಲೇ ಕೂರಿಸಿ. 108 ಧಾರೆಗಳ ನೀರು ಮೈ ಕೊರೆಯುವಷ್ಟು ತಣ್ಣಗಿರುತ್ತದೆ. ಅದರ ಕೆಳಗೆ ಓಡಲು ಬಿಡಬೇಡಿ. ಅಂಗೈಯಲ್ಲಿ ಹಿಡಿದು ತಲೆಗೆ ಪ್ರೋಕ್ಷಣೆ ಮಾಡಿ, ತಕ್ಷಣ ಶಾಲು ಹೊದಿಸಿ.