ನಿಮ್ಮ ‘ತೃಪ್ತ ನೌಕರ’ ಲೇಖನದ ಕುರಿತು

ಮಾನ್ಯರೇ,

ಕೆಲಸದಲ್ಲಿ ತೃಪ್ತಿ ಇರುವವರು ಯಾರೂ ಕೇಳದಿದ್ದರೂ ಸಹೋದ್ಯೋಗಿಗಳಿಗೆ ನೆರವಾಗುತ್ತಾರೆ ಎಂದು ವಾದಿಸುವ ನಿಮ್ಮ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ನಿಮ್ಮ ವಾದ ತಪ್ಪಲ್ಲ, ಆದರೆ ಅರ್ಧಕ್ಕೇ ನಿಂತಿದೆ.

ತೃಪ್ತಿಗೂ ಇಂಥ ನೆರವಿಗೂ ನಂಟಿದೆಯೆಂದು ಅಮೆರಿಕದ ನಿರ್ವಹಣಾಶಾಸ್ತ್ರಜ್ಞ ಡೆನ್ನಿಸ್ ಆರ್ಗನ್ ಮತ್ತು ಅವರ ಸಹಸಂಶೋಧಕರು 1983ರಲ್ಲೇ ತೋರಿಸಿದ್ದರು. ಮುಂದೆ 1995ರಲ್ಲಿ ಆರ್ಗನ್ ಮತ್ತು ರಯಾನ್ 55 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ತನಗೆ ನ್ಯಾಯ ಸಿಗುತ್ತಿದೆಯೆಂಬ ಭಾವನೆ, ಸಂಸ್ಥೆಯ ಮೇಲಿನ ನಿಷ್ಠೆ, ಮೇಲಧಿಕಾರಿಯ ಬೆಂಬಲ ಇವೂ ನೆರವಿನೊಂದಿಗೆ ಹೆಚ್ಚುಕಡಿಮೆ ತೃಪ್ತಿಯಷ್ಟೇ ನಂಟು ಹೊಂದಿರುವುದು ಕಂಡುಬಂತು. ನಿಮ್ಮ ಲೇಖನದಲ್ಲಿ ನ್ಯಾಯದ ಮಾತೇ ಇಲ್ಲ. ನಿಷ್ಠೆಯ ಮಾತಿದ್ದರೂ, ಸಂಸ್ಥೆಯ ಮೇಲಿನ ಮಮತೆಯಿಂದ ಉಳಿದವರನ್ನೂ ಬೇರೆ ಕೆಲಸ ಸಿಗದೆ ಉಳಿದವರನ್ನೂ ನೀವು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದೀರಿ. ಎರಡನೆಯವರಿಂದಲೂ ಅದೇ ಉತ್ಸಾಹವನ್ನು ನಿರೀಕ್ಷಿಸಲು ಕಾರಣವೇನೆಂದು ಹೇಳಿಲ್ಲ.

ಇದಕ್ಕಿಂತ ದೊಡ್ಡ ತೊಡಕು ನಿಮ್ಮ ಪ್ರಶ್ನಾವಳಿಯದು. ‘ಕೆಲಸ ತೃಪ್ತಿ ಕೊಟ್ಟಿದೆಯೇ’, ‘ಇತರರಿಗೆ ನೆರವಾಗುತ್ತೀರಾ’ ಎಂಬ ಎರಡನ್ನೂ ಒಬ್ಬರನ್ನೇ, ಒಂದೇ ಹಾಳೆಯಲ್ಲಿ ಕೇಳಿದ್ದೀರಿ. ತಾನು ಯಾರಿಗೂ ನೆರವಾಗುವುದಿಲ್ಲವೆಂದು ಬರೆದುಕೊಡುವವರು ವಿರಳ. ಜನರು ತಮಗೆ ತಾವೇ ಅಂಕ ಕೊಟ್ಟುಕೊಂಡಲ್ಲಿ ಈ ನಂಟು ಇದ್ದುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆಂದು ಅದೇ 1995ರ ಪರಿಶೀಲನೆ ಎಚ್ಚರಿಸಿದೆ. ನೆರವಿನ ಬಗ್ಗೆ ಮೇಲಧಿಕಾರಿಯನ್ನೋ ಜೊತೆಯವರನ್ನೋ ಕೇಳಬೇಕಿತ್ತು. ಈಗ ಅದು ಆಗದಿದ್ದರೆ ಈ ಉತ್ತರಗಳ ಕೋಷ್ಟಕವನ್ನು ಕೈಬಿಡಿ. ಅದರ ಮೇಲೆ ನಿಂತ ಎರಡು ಪುಟಗಳೂ ಹೋಗಲಿ.

ಉಳಿಸಿಕೊಳ್ಳಬೇಕಾದದ್ದು ನಾಲ್ಕನೆಯ ಪ್ಯಾರಾ. ರಜೆಯಲ್ಲಿದ್ದ ಸಹೋದ್ಯೋಗಿಯ ಮೇಜಿನ ಮೇಲೆ ರಾಶಿ ಬಿದ್ದ ಕಡತಗಳನ್ನು ಒಬ್ಬ ಗುಮಾಸ್ತೆ ದಿನಾಂಕದಂತೆ ಜೋಡಿಸಿ, ತುರ್ತಿನವು ಯಾವುವೆಂದು ಚೀಟಿ ಬರೆದಿಟ್ಟು ಹೋಗುತ್ತಾರೆ. ಅವರಿಗೆ ಆ ವರ್ಷ ಬಡ್ತಿ ತಪ್ಪಿತ್ತೆಂದೂ, ತಪ್ಪಿದ್ದೇಕೆಂದು ಮೇಲಧಿಕಾರಿ ಕೂರಿಸಿಕೊಂಡು ವಿವರಿಸಿದ್ದರೆಂದೂ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದ್ದೀರಿ. ನನ್ನ ದೃಷ್ಟಿಯಲ್ಲಿ ಲೇಖನ ಇರುವುದೇ ಅಲ್ಲಿ. ಫಲ ಕೈತಪ್ಪಿದರೂ ನಿರ್ಧಾರದ ರೀತಿ ನ್ಯಾಯವಾಗಿತ್ತೆಂದು ಅನಿಸಿದವರು ಹೀಗೆ ನಡೆದುಕೊಳ್ಳಬಲ್ಲರು ಎಂಬುದು ನಿಮ್ಮ ಶೀರ್ಷಿಕೆಗಿಂತ ಹೆಚ್ಚು ಹೇಳುತ್ತದೆ. ಆ ಮಾತುಕತೆಯಲ್ಲಿ ಏನು ನಡೆಯಿತೆಂದು ಅವರನ್ನೇ ಕೇಳಿ ಬರೆಯಿರಿ. ಬಡ್ತಿಯ ಆಸೆಯಿಂದ ಮೇಲಧಿಕಾರಿಯ ಕಣ್ಣಿಗೆ ಬೀಳುವಂತೆ ನೆರವಾಗುವವರೂ ಇರುವುದರಿಂದ, ಈ ಚೀಟಿಯನ್ನು ಯಾರಾದರೂ ಗಮನಿಸಿದ್ದರೇ ಎಂಬುದನ್ನೂ ವಿಚಾರಿಸಿ.

ತಿದ್ದಿದ ಪ್ರತಿಯನ್ನು ಓದಲು ನನಗೆ ಆಸಕ್ತಿಯಿದೆ. ಪೀಠಿಕೆಯ ಸುಭಾಷಿತ ಬೇಡ.

ಇಂತಿ,
ಸಂಪಾದಕ